ಇಡಗುಂದಿಯ ಹುಡುಗಿ ಬರೆದಿಟ್ಟ ಪಟ್ಟಿ

ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟ ಇಳಿಯುವ ಮುಂಚೆ ಸಿಗುವ ಊರು ಇಡಗುಂದಿ. ಲಾರಿಗಳು ಹಗಲೂ ರಾತ್ರಿ ಓಡುತ್ತವೆ. ರಸ್ತೆ ಬಿಟ್ಟು ಒಳಗೆ ಹೋದರೆ ಅಡಿಕೆ ತೋಟ, ತೋಟದಾಚೆ ಕಾಡು, ಕಾಡಿನ ಅಂಚಿಗೆ ಬಿಡಿಬಿಡಿಯಾದ ಮನೆಗಳು. ಅಲ್ಲಿನ ಒಂದು ಸಿದ್ದಿ ಮನೆಯ ಹುಡುಗಿ, ಪಿಯುಸಿ ಓದುವವಳು, ನಮ್ಮ ಕೈಗೆ ಒಂದು ನೋಟ್‌ಬುಕ್ ಕೊಟ್ಟಳು. ಕೊನೆಯ ಹಾಳೆಗಳಲ್ಲಿ ತಾನು ಓದಿದ ಕಥೆ ಪುಸ್ತಕಗಳ ಪಟ್ಟಿ ಬರೆದಿಟ್ಟಿದ್ದಳು. ಹದಿನೇಳು ಪುಸ್ತಕ. ಪ್ರತಿಯೊಂದರ ಮುಂದೆ ಗೀಟುಗಳು. ಎಷ್ಟು ಸಲ ಓದಿದಳೋ ಅಷ್ಟು ಗೀಟು.

‘ಕರ್ವಾಲೊ’ಗೆ ನಾಲ್ಕು. ‘ತೊತ್ತೋಚಾನ್’ಗೆ ಮೂರು. ‘ಊರುಕೇರಿ’ಗೆ ಎರಡು. ‘ಮಲೆಗಳಲ್ಲಿ ಮದುಮಗಳು’ವಿಗೆ ಒಂದೇ, ಆದರೆ ಅದರ ಪಕ್ಕ ‘ಮೂರು ತಿಂಗಳು’ ಅಂತ ಬರೆದಿದ್ದಳು. ಎಲ್ಲಕ್ಕಿಂತ ಹೆಚ್ಚು ಗೀಟು, ಒಂಬತ್ತು, ಇದ್ದದ್ದು ಹೆಸರೇ ಇಲ್ಲದ ಪುಸ್ತಕಕ್ಕೆ. ‘ಪತ್ತೇದಾರಿ, ರಟ್ಟು ಇಲ್ಲ’ ಅಂತಷ್ಟೇ ಬರೆದಿತ್ತು. ಅಮ್ಮ ಅಡಿಕೆ ಸುಲಿಯಲು ಹೋಗುತ್ತಿದ್ದ ಮನೆಯ ಅಟ್ಟದ ರದ್ದಿಯಲ್ಲಿ ಸಿಕ್ಕಿದ್ದಂತೆ. ಮೊದಲ ಪುಟಗಳಿಲ್ಲ, ಕೊನೆಯ ಪುಟಗಳೂ ಇಲ್ಲ. ಕೊಂದವರು ಯಾರು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ನಾವು ನಕ್ಕೆವು. ಇದನ್ನೆಲ್ಲ ಬಿಡು, ಒಳ್ಳೇದು ಓದು ಅಂದೆವು.

“ಅದು ಒಳ್ಳೇ ಪುಸ್ತಕ ಅಲ್ಲ ಅಂತ ನಂಗೂ ಗೊತ್ತು ಸರ್. ಆದ್ರೂ ಮುಂದೆ ಎಂತ ಆಗ್ತದೆ ಅಂತ ಅನ್ಸ್ತಾನೇ ಇರ್ತದೆ ಅಲ್ವಾ?” ಅಂದಳು.

ಆ ಮಾತು ನಮ್ಮನ್ನು ಬಿಡಲಿಲ್ಲ. ಗೆಳೆಯರೇ, ನಾವು ಸಾಹಿತ್ಯ ಚರಿತ್ರೆ ಅಂದರೆ ಬರೆದವರ ಚರಿತ್ರೆ ಅಂದುಕೊಂಡಿದ್ದೇವೆ. ಪಂಪನಿಂದ ಹಿಡಿದು ಇವತ್ತಿನವರೆಗೆ ಬರೆದವರ ಹೆಸರುಗಳನ್ನೇ ಪೋಣಿಸುತ್ತೇವೆ. ಓದಿದವರು ಯಾರು? ಓದಬೇಕು ಅಂತ ಬಂದವರನ್ನು ಬಾಗಿಲಲ್ಲಿ ತಡೆದವರು ಯಾರು? ಕೇರಿಯ ಮಕ್ಕಳ ಕೈಗೆ ಮೊದಲ ಕಥೆ ಪುಸ್ತಕ ಯಾವ ದಾರಿಯಿಂದ ಬಂತು? ಈ ಚರಿತ್ರೆಯನ್ನು ಯಾರೂ ಪಾಠ ಮಾಡುವುದಿಲ್ಲ. ಆ ಹುಡುಗಿಯ ಹದಿನೇಳು ಪುಸ್ತಕಗಳ ಹಿಂದೆ ನೂರೆಪ್ಪತ್ತು ವರ್ಷದ ಜಗಳ ಇದೆ.

ಜಗಳ ಶುರುವಾದದ್ದು ಘಟ್ಟದ ಮೇಲಿನ ಪಕ್ಕದ ಜಿಲ್ಲೆಯಲ್ಲಿ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆ ಒಬ್ಬ ಹುಡುಗನಿಗೆ ಪ್ರವೇಶ ಕೊಡಲಿಲ್ಲ. ಚರಿತ್ರೆ ಅವನನ್ನು ‘ಮಹಾರ್ ಹುಡುಗ’ ಎಂದೇ ಕರೆಯುತ್ತ ಬಂದಿದೆ. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ. ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟ. ಸರಕಾರ ಏನು ಹೇಳಿತು ನೋಡಿ: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುತ್ತಾರೆ, ಆದ್ದರಿಂದ ಆಗುವುದಿಲ್ಲ. ನ್ಯಾಯ ನಿನ್ನದು, ಶಾಲೆ ಅವರದು! ಮುಂದೆ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು, ಸರಕಾರದ ಹಣದಿಂದ ನಡೆಯುವ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಕಾಗದವನ್ನು ಓದಬಲ್ಲವರಿಗೆ ಮಾತ್ರ ಆ ಸಂಗತಿ ಗೊತ್ತಾಯಿತು.

ಆಗಿನ್ನೂ ನಮ್ಮ ಉತ್ತರ ಕನ್ನಡ ಮದ್ರಾಸು ಪ್ರಾಂತದಲ್ಲಿತ್ತು. 1862ರಲ್ಲಿ ಮುಂಬಯಿಗೆ ಸೇರಿತು. ದೊರೆ ಬದಲಾದ, ಬಾಗಿಲು ಬದಲಾಗಲಿಲ್ಲ.

ಕರಾವಳಿಯ ಕೆಳಗಿನ ತುದಿ ಮಂಗಳೂರಿನಲ್ಲಿ ಒಂದು ಸೋಜಿಗದ ಸಂಗತಿ ಇದೆ. 1897ರಲ್ಲಿ ಕುದ್ಮುಲ್ ರಂಗರಾಯರು ಅಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಮುಟ್ಟಿಸಿಕೊಳ್ಳದ ಮಕ್ಕಳಿಗೆ ಅಕ್ಷರ ಕಲಿಸಿದ್ದಕ್ಕೆ ಅವರ ಜಾತಿಯವರು ಅವರನ್ನೇ ದೂರ ಇಟ್ಟರು. ಎರಡು ವರ್ಷ ಕಳೆದು, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತಾರೆ. ವಿಧವೆಯೊಬ್ಬಳು ಓದು ಕಲಿತು ಮತ್ತೆ ಮದುವೆಯಾಗುವ ಕಥೆ, ದಿಟ್ಟ ಕಥೆ. ಅದೇ ಸೀಮೆಯಲ್ಲಿ ಒಂದು ಕಡೆ ಕಾದಂಬರಿ ಹುಟ್ಟುತ್ತಿತ್ತು, ಇನ್ನೊಂದು ಕಡೆ ಮಕ್ಕಳು ಮೊಟ್ಟಮೊದಲ ಸಲ ‘ಅ’ ತಿದ್ದುತ್ತಿದ್ದರು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ಮೇಷ್ಟ್ರು ನಮಗೆ ಸಿಗಲಿಲ್ಲ.

ಗಳಗನಾಥರ ಮಾತು ಬಿಡುವಂತಿಲ್ಲ. ಶಾಲಾಮಾಸ್ತರರಾಗಿದ್ದ ಆ ಮನುಷ್ಯ ಕಾದಂಬರಿ ಬರೆದು, ಅಚ್ಚು ಹಾಕಿಸಿ, ತಾವೇ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಓದುವ ಚಟ ಹತ್ತಿಸಿದವರು ಅಂತ ಹೊಗಳುತ್ತಾರೆ. ಹೊಗಳಲಿ, ಅದಕ್ಕೆ ಅವರು ಅರ್ಹರು. ಆದರೆ ಆ ಹೊರೆ ಯಾವ ಬಾಗಿಲುಗಳ ಮುಂದೆ ಇಳಿಯಿತು? ಕೇರಿಯ ದಾರಿ ಆ ಹೊರೆಗೆ ಗೊತ್ತಿತ್ತೇ? ಇದು ಗಳಗನಾಥರ ಮೇಲಿನ ದೂರಲ್ಲ. ಓದು ಬಾರದವನ ಮನೆಗೆ ಪುಸ್ತಕ ಹೊತ್ತು ಯಾರು ಹೋಗುತ್ತಾರೆ?

ಇದೇ ಹೊತ್ತಿನಲ್ಲಿ ಮುಂಬಯಿಯಲ್ಲಿ ಒಬ್ಬ ಹುಡುಗ ಶಾಲೆ ಬಿಟ್ಟ ಮೇಲೆ ಚರ್ನಿ ರೋಡಿನ ಉದ್ಯಾನದಲ್ಲಿ ಕೂತು ಓದುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ಅವನನ್ನು ಗಮನಿಸಿದರು, ಮಾತಾಡಿಸಿದರು, ಪುಸ್ತಕ ಕೊಡತೊಡಗಿದರು. 1907ರಲ್ಲಿ ಹುಡುಗ ಮೆಟ್ರಿಕ್ ಪಾಸಾದಾಗ ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಕಾಣಿಕೆ ಕೊಟ್ಟರು. ಆ ಹುಡುಗ ಭೀಮರಾವ್ ಅಂಬೇಡ್ಕರ್. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬುದ್ಧನ ಕಡೆಗೆ ನಡೆದಾಗ ಆ ಪುಸ್ತಕ ಕೈಗೆ ಬಂದು ನಲವತ್ತೊಂಬತ್ತು ವರ್ಷವಾಗಿತ್ತು. ಒಂದು ಪುಸ್ತಕದಿಂದಲೇ ಎಲ್ಲ ಆಯಿತು ಅಂತ ನಾವು ಹೇಳುವುದಿಲ್ಲ, ಅದು ಪೊಳ್ಳು ಮಾತು. ಹಳ್ಳಿ ಶಾಲೆಗಳ ಮೇಷ್ಟ್ರುಗಳು ಇದನ್ನು ಓದುತ್ತಿದ್ದೀರಿ ಅಂತ ಮಾತ್ರ ಇಲ್ಲಿ ನೆನಪು ಮಾಡಿದೆವು.

1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುವಾಯಿತು. ಚಂದಾದಾರರ ಮನೆಗೇ ಪುಸ್ತಕ ಬರತೊಡಗಿತು. ಅದೇ ವರ್ಷ ಶಿವರಾಮ ಕಾರಂತರ ‘ಚೋಮನ ದುಡಿ’ ಬಂತು. ತುಂಡು ಭೂಮಿ ಬೇಸಾಯ ಮಾಡಬೇಕೆಂಬ ಹೊಲೆಯನ ಆಸೆ ಅಲ್ಲಿ ಕಾದಂಬರಿಯ ವಸ್ತುವಾಯಿತು. ಚೋಮನ ಮಗ ನೀಲ ನೀರಲ್ಲಿ ಮುಳುಗುವಾಗ ದಡದ ಮೇಲೆ ನಿಂತವರು ಮುಟ್ಟಲು ಹಿಂಜರಿಯುವ ಪುಟಗಳನ್ನು ಹದಿನೈದು ಹದಿನಾರರ ಹರೆಯದಲ್ಲಿ ಓದಿದವರು ಯಾರೂ ಮರೆಯುವುದಿಲ್ಲ. ನಾವು ಮರೆತಿಲ್ಲ. ಆದರೂ ಒಂದು ತಕರಾರು ಆಗಲೂ ಇತ್ತು, ಈಗಲೂ ಇದೆ. ಚೋಮನ ನೋವಿಗೆ ಕಾರಂತರು ಕಣ್ಣೀರು ತರಿಸಿದರು, ಆದರೆ ಚೋಮನ ಮಗನೊಬ್ಬ ಆ ಪುಸ್ತಕ ಹಿಡಿದು ಓದುತ್ತಾನೆ ಅಂತ ಆ ಕಾಲದ ಯಾವ ಲೇಖಕನೂ ಎಣಿಸಿದ ಹಾಗೆ ಕಾಣುವುದಿಲ್ಲ. ನಮ್ಮ ಬಗ್ಗೆ ಬರೆದರು. ನಮಗೆ ಅಂತ ಬರೆಯಲಿಲ್ಲ.

ನಮಗೆ ಅಂತ ಬರೆದವರು ಯಾರು ಹಾಗಾದರೆ?

ಇಲ್ಲಿ ನಾವು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಅಧ್ಯಯನ ಶಿಬಿರಗಳಲ್ಲಿ ಹುಡುಗರಿಗೆ ಪುಸ್ತಕದ ಪಟ್ಟಿ ಕೊಡುತ್ತಿದ್ದೆವು. ನಿರಂಜನರು ಕನ್ನಡಕ್ಕೆ ತಂದ ಗಾರ್ಕಿಯ ‘ತಾಯಿ’, ಅವರದೇ ‘ಚಿರಸ್ಮರಣೆ’, ನವಕರ್ನಾಟಕದವರು ಕಡಿಮೆ ಬೆಲೆಗೆ ಮಾರುತ್ತಿದ್ದ ಸೋವಿಯತ್ ಪುಸ್ತಕಗಳು. ಹುಡುಗರ ಚೀಲದಲ್ಲಿ ಪತ್ತೇದಾರಿ ಕಾದಂಬರಿ ಕಂಡರೆ ಕಿತ್ತಿಡುತ್ತಿದ್ದೆವು. ‘ಪಲಾಯನವಾದಿ ಸಾಹಿತ್ಯ’ ಅಂತ ಅದಕ್ಕೊಂದು ಹೆಸರು ಇಟ್ಟಿದ್ದೆವು. ದಿನವಿಡೀ ಧಣಿಯ ತೋಟದಲ್ಲಿ ದುಡಿದು ಬಂದ ಹುಡುಗ ರಾತ್ರಿ ಒಂದು ಗಂಟೆ ಪಲಾಯನ ಮಾಡಿದರೆ ಯಾರ ಗಂಟು ಹೋಗುತ್ತಿತ್ತು ಅಂತ ನಾವು ಕೇಳಿಕೊಳ್ಳಲಿಲ್ಲ.

ಆ ಕಾದಂಬರಿಗಳನ್ನು ಬರೆದವರಲ್ಲಿ ಮೊದಲ ಹೆಸರು ಎನ್. ನರಸಿಂಹಯ್ಯನವರದು. ಅವರ ಶಾಲೆ ನಾಲ್ಕನೇ ತರಗತಿಗೆ ನಿಂತಿತ್ತು. ಹೊಟ್ಟೆಪಾಡಿಗೆ ಕಂಡ ಕೆಲಸ ಮಾಡಿದವರು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬರೆದರು. ಅಲ್ಲಿಂದ ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿ! ಪುರುಷೋತ್ತಮ, ಮಧುಸೂದನ, ಅರಿಂಜಯ, ಈ ಪತ್ತೇದಾರರ ಹೆಸರು ಒಂದು ಕಾಲದಲ್ಲಿ ಕ್ಷೌರದಂಗಡಿ, ಬಸ್‌ಸ್ಟ್ಯಾಂಡು, ಚಹಾದಂಗಡಿ ಎಲ್ಲೆಡೆ ಓಡಾಡಿತು. ವಿಶ್ವವಿದ್ಯಾಲಯದ ಪಂಡಿತರು ಅವರನ್ನು ಸಾಹಿತಿ ಅಂತ ಎಣಿಸಲಿಲ್ಲ. ಆ ವಿಷಯದಲ್ಲಿ ಬಂಡಾಯದ ನಾವೂ ಪಂಡಿತರೂ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು ಅನ್ನುವುದು ನಾಚಿಕೆಯ ಮಾತು. 2011ರಲ್ಲಿ ಅವರು ತೀರಿಕೊಂಡರು.

ಆ ಪುಸ್ತಕಗಳಲ್ಲಿ ಏನಿತ್ತು? ಸಣ್ಣ ವಾಕ್ಯ. ನಿಘಂಟು ಕೇಳದ ಶಬ್ದ. ಪುಟ ತಿರುಗಿಸದೆ ಇರಲು ಬಿಡದ ಕುತೂಹಲ. ಈ ಪುಸ್ತಕ ಓದಲು ನಿನಗೆ ಯೋಗ್ಯತೆ ಇದೆಯೇ ಅಂತ ಓದುಗನನ್ನು ಕೇಳದ ಸೌಜನ್ಯ. ಈ ಕೊನೆಯದು ದೊಡ್ಡದು. ಶಾಲೆಯ ಪಠ್ಯ, ಪುರಾಣ, ವ್ಯಾಕರಣ, ಎಲ್ಲವೂ ನಮ್ಮ ಮಕ್ಕಳನ್ನು ಹೊಸಿಲಲ್ಲೇ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದವು. ಪುರುಷೋತ್ತಮ ಒಳಗೆ ಬಾ ಅಂತ ಕರೆದ. ಅಕ್ಷರ ಕೂಡಿಸಿ ಓದುತ್ತಿದ್ದ ಎಷ್ಟೋ ಹುಡುಗರು ಸರಾಗ ಓದಲು ಕಲಿತದ್ದು ಅವನ ಹಿಂದೆ ಓಡಿ. ನಮ್ಮಲ್ಲೇ ಕೆಲವರು ಹಾಗೆ ಕಲಿತವರು, ಆಮೇಲೆ ಭಾಷಣದಲ್ಲಿ ಅದನ್ನು ಮುಚ್ಚಿಟ್ಟವರು. ಆ ಕಥೆಗಳಲ್ಲಿ ಹೆಣ್ಣನ್ನು ತೋರಿಸಿದ ರೀತಿ, ಪೋಲೀಸರನ್ನು ನಂಬಿದ ರೀತಿ ನಮಗೆ ಒಪ್ಪಿಗೆ ಅಂತಲ್ಲ. ಕೇರಿಯವರಿಗೆ ಪೋಲೀಸು ಏನು ಅಂತ ದೇವನೂರರ ‘ಒಡಲಾಳ’ ಓದಿದವರಿಗೆ ಗೊತ್ತು. ಆದರೆ ‘ಒಡಲಾಳ’ದ ತನಕ ನಡೆದು ಬರಲು ಕಾಲಿಗೆ ಬಲ ಬೇಕಲ್ಲ, ಆ ಬಲ ಬಂದದ್ದು ಎಲ್ಲಿಂದ?

1973ರ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಗಲಭೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಕೊನೆಗೆ ರಾಜೀನಾಮೆ. ಇದನ್ನು ಭಾಷೆಯ ಜಗಳ, ರಾಜಕೀಯದ ಜಗಳ ಅಂತ ಬರೆದಿದ್ದಾರೆ. ನಮಗೆ ಅದು ಮೊದಲು ಓದುವ ಹುಡುಗನ ಜಗಳವಾಗಿ ಕಾಣುತ್ತದೆ. ಹಾಸ್ಟೆಲಿನ ಮಿಣಕು ದೀಪದಲ್ಲಿ ಓದುವ ಹುಡುಗ ನೂರು ಪುಸ್ತಕ ತಿರುವಿದರೂ ತನ್ನ ಅವ್ವ, ತನ್ನ ಗುಡಿಸಲು, ತನ್ನ ಮಾತು ಎಲ್ಲೂ ಸಿಗದಿದ್ದರೆ ಅವನು ಇನ್ನೇನು ಅನ್ನಬೇಕು? ಅದೇ 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’ ಬಂದದ್ದು ಬೂಸಾ ಮಾತಿಗೆ ಸಿಕ್ಕ ಸರಿಯಾದ ಉತ್ತರ ಅಂತ ನಾವು ತಿಳಿದಿದ್ದೇವೆ. ಅಮಾಸ ಎಂಬ ತಬ್ಬಲಿ ಹುಡುಗ, ಅವನನ್ನು ಸಾಕಿಕೊಂಡ ಮುದುಕ ಕುರಿಯಯ್ಯ, ಮಾರಿಗುಡಿ. ಅಮಾಸ ಹುಲಿವೇಷ ಹಾಕಿ ಕುಣಿಯುವಾಗ ಓದುವ ಹುಡುಗ ಪಾಪ ಅನ್ನುವುದಿಲ್ಲ, ತಾನೂ ಕುಣಿಯುತ್ತಾನೆ. ಎರಡು ವರ್ಷಕ್ಕೆ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. 1979ರಲ್ಲಿ ಬಂಡಾಯ ಸಂಘಟನೆ ಹುಟ್ಟಿತು. 1994ರಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂತು, ಅದೇ ದಶಕದಲ್ಲಿ ‘ಊರುಕೇರಿ’. ಇಡಗುಂದಿಯ ಹುಡುಗಿ ‘ಊರುಕೇರಿ’ ಓದಿ ಒಬ್ಬಳೇ ನಕ್ಕಳಂತೆ. ಅಮ್ಮ ಯಾಕೆ ನಗ್ತೀಯ ಅಂತ ಕೇಳಿದ್ದಕ್ಕೆ ಓದಿ ಹೇಳಿದಳಂತೆ, ಅಮ್ಮ ನಗಲಿಲ್ಲವಂತೆ. ಈ ಒಂದು ಸಂಗತಿಯ ಮೇಲೆ ಒಂದು ಗೋಷ್ಠಿ ನಡೆಸಬಹುದು.

‘ಮದುಮಗಳು’ ಅವಳಿಗೆ ಮೂರು ತಿಂಗಳು ಹಿಡಿಯಿತು. ಕುವೆಂಪು ಅದನ್ನು 1967ರಲ್ಲಿ ಪ್ರಕಟಿಸಿದರು. ಗುತ್ತಿ ಮತ್ತು ಅವನ ನಾಯಿ ಹುಲಿಯನ ಭಾಗ ಬಂದರೆ ಬೇಗ ಓದುತ್ತಿದ್ದಳು, ಗೌಡರ ಮನೆಯ ಮಾತು ಬಂದರೆ ನಿಧಾನ. ಹುಲಿಯ ಹೊಳೆಯ ಪಾಲಾದಾಗ ಎರಡು ದಿನ ಪುಸ್ತಕ ಮುಟ್ಟಲಿಲ್ಲವಂತೆ. ಮಹಾಕಾದಂಬರಿಯಲ್ಲಿ ತನ್ನವರು ಯಾರು ಅಂತ ಓದುಗ ತಾನೇ ಹುಡುಕಿಕೊಳ್ಳುತ್ತಾನೆ, ವಿಮರ್ಶಕರ ಅಪ್ಪಣೆಗೆ ಕಾಯುವುದಿಲ್ಲ. ‘ಕರ್ವಾಲೊ’ ವಿಷಯದಲ್ಲೂ ಇದೇ. 1980ರ ಆ ಪುಸ್ತಕದಲ್ಲಿ ಊರವರು ಕೆಲಸಕ್ಕೆ ಬಾರದವನು ಅಂತ ತಳ್ಳಿದ ಮಂದಣ್ಣನನ್ನು ವಿಜ್ಞಾನಿಯೊಬ್ಬ ತನ್ನ ಸರಿಸಮ ಅಂತ ನಡೆಸಿಕೊಳ್ಳುತ್ತಾನೆ. ಜೇನು, ಹಾವು, ಓತಿ ಎಲ್ಲ ಮಂದಣ್ಣನಿಗೆ ಗೊತ್ತು, ಶಾಲೆಗೆ ಗೊತ್ತಿಲ್ಲ. ಕಾಡಿನ ಅಂಚಿನ ಮಕ್ಕಳು ಈ ಪುಸ್ತಕ ಹಿಡಿದರೆ ಬಿಡದಿರುವುದಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಜಪಾನಿನ ತೊತ್ತೋಚಾನ್‌ಳ ರೈಲುಡಬ್ಬಿಯ ಶಾಲೆ, ವಿ. ಗಾಯತ್ರಿಯವರ ಕನ್ನಡದಲ್ಲಿ, ಇಡಗುಂದಿಗೆ ಮಂಡ್ಯಕ್ಕಿಂತ ಹತ್ತಿರ ಬಂದುಬಿಟ್ಟಿದೆ.

ಸಿದ್ದಿಗಳ ವಿಷಯಕ್ಕೆ ಬರೋಣ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದವರ ವಂಶ. ತಪ್ಪಿಸಿಕೊಂಡು ಕಾಡು ಸೇರಿದವರು ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡಗಳಲ್ಲಿ ಹರಡಿಕೊಂಡರು. ಕಾಡು ಸರಕಾರದ್ದಾಯಿತು, ತೋಟ ಧಣಿಗಳದ್ದಾಯಿತು, ಇವರದ್ದು ಕೂಲಿ. ಮನೆಯೊಳಗೆ ಕೊಂಕಣಿ ಬೆರೆತ ಮಾತು, ಶಾಲೆಯೊಳಗೆ ಪುಸ್ತಕದ ಕನ್ನಡ. ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅಂದರೆ ಸ್ವಾತಂತ್ರ್ಯ ಬಂದು ಐವತ್ತಾರು ವರ್ಷದ ಮೇಲೆ!

ಆದರೆ ಅದಕ್ಕೂ ಮುಂಚೆ, 1980ರ ದಶಕದಲ್ಲಿ, ಇದೇ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಒಂದು ಕೆಲಸ ನಡೆಯಿತು. ಹೆಗ್ಗೋಡಿನ ನೀನಾಸಮ್ ಬಳಗದ ಚಿದಂಬರರಾವ್ ಜಂಬೆಯವರು ಸಿದ್ದಿಗಳನ್ನು ಕಟ್ಟಿಕೊಂಡು ನಾಟಕ ಆಡಿಸಿದರು. ‘ಕಪ್ಪು ಜನ ಕೆಂಪು ನೆರಳು’ ಅಂತ ಹೆಸರು. ನೈಜೀರಿಯದ ಚಿನುವಾ ಅಚಿಬೆ 1958ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಒಕೊಂಕ್ವೊ ಎಂಬ ಜಟ್ಟಿ, ಅವನ ಹಳ್ಳಿ, ಅಲ್ಲಿಗೆ ಬಂದ ಬಿಳಿಯರ ಮಠ ಮತ್ತು ಕಚೇರಿ, ಕೊನೆಗೆ ಎಲ್ಲ ಮುರಿದುಬೀಳುವುದು. ಗೆಳೆಯರೇ, ಆ ಪುಸ್ತಕ ನಡೆದ ದಾರಿ ಸ್ವಲ್ಪ ನೋಡಿ. ಆಫ್ರಿಕದ ಹಳ್ಳಿಯ ಕಥೆ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಬಂದು, ಘಟ್ಟದ ಕಾಡಿನಲ್ಲಿ ಆಫ್ರಿಕದಿಂದ ಬಂದವರ ಮೊಮ್ಮಕ್ಕಳ ಮೈಗೆ ತಲುಪಿತು. ಶಾಲೆ ಮುಗಿಸುವ ಯೋಗ ಹೆಚ್ಚಿನವರಿಗೆ ಇಲ್ಲದ ಕಾಲ ಅದು. ಅವರು ಆ ಕಾದಂಬರಿಯನ್ನು ಕೇಳಿ ಓದಿದರು, ಕುಣಿದು ಓದಿದರು. ತಮ್ಮ ಢಮಾಮಿ ವಾದ್ಯ ಬಾರಿಸಬಲ್ಲ ಜನಕ್ಕೆ ಒಕೊಂಕ್ವೊನ ಹಳ್ಳಿಯ ನಗಾರಿ ಏನು ಅಂತ ಅಡಿಟಿಪ್ಪಣಿ ಬೇಕಿರಲಿಲ್ಲ.

ಓದು ಅಂದರೆ ಮೂಲೆಯಲ್ಲಿ ಒಬ್ಬರೇ ಕೂತು ಪುಟ ತಿರುವುವುದು ಅಂತ ನಮಗೆ ಕಲಿಸಿದವರು ಯಾರು? ಮೂಲೆ ಇದ್ದವರು. ಒಂದೇ ಕೋಣೆಯ ಮನೆಯಲ್ಲಿ, ಕರೆಂಟು ಹೋದ ರಾತ್ರಿಯಲ್ಲಿ, ಓದು ಬಂದವರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ‘ಚಿರಸ್ಮರಣೆ’ಯ ಕಯ್ಯೂರಿನಲ್ಲೂ ರೈತರ ಮಕ್ಕಳು ಎಚ್ಚೆತ್ತದ್ದು ಮಾಸ್ತರರ ಸುತ್ತ ಕೂತು ಕೇಳಿಯೇ. ಮಂಚಿಕೇರಿಯ ಆ ನಾಟಕವನ್ನು ಕನ್ನಡದ ಓದಿನ ಚರಿತ್ರೆಯಲ್ಲಿ ಸೇರಿಸಬೇಕು ಅನ್ನುವುದು ನಮ್ಮ ವಾದ. ರಂಗಭೂಮಿಯವರು ಅದನ್ನು ತಮ್ಮದು ಅಂತ ಇಟ್ಟುಕೊಂಡಿದ್ದಾರೆ. ಅವರದೂ ಹೌದು.

ಜಿಲ್ಲೆಯವರೇ ಆದ ಇಬ್ಬರ ಹೆಸರು ಇಲ್ಲಿ ಹೇಳದಿದ್ದರೆ ಕೃತಘ್ನರಾಗುತ್ತೇವೆ. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಹೈಸ್ಕೂಲು ತೆರೆದ ದಿನಕರ ದೇಸಾಯಿ. ಮತ್ತೆ ಹೊನ್ನಾವರ ತಾಲೂಕು ಕೆರೆಕೋಣದ ಆರ್.ವಿ. ಭಂಡಾರಿ. ಭಂಡಾರಿಯವರು ಮೇಷ್ಟ್ರು, ಬಂಡಾಯದ ಲೇಖಕರು, 2008ರಲ್ಲಿ ತೀರಿಕೊಳ್ಳುವ ತನಕ ನಮ್ಮ ಜತೆಗಿದ್ದವರು. ನಮ್ಮಲ್ಲಿ ಹೆಚ್ಚಿನವರು ಮಕ್ಕಳಿಗೆ ಬರೆಯುವುದು ಸಣ್ಣ ಕೆಲಸ ಅಂತ ತಿಳಿದಿದ್ದಾಗ ಅವರು ಮಕ್ಕಳಿಗಾಗಿ ಕಥೆ, ನಾಟಕ ಬರೆದರು. ನಾವು ಆಗ ಅದರ ಬೆಲೆ ತಿಳಿಯಲಿಲ್ಲ.

ಇನ್ನು ಗ್ರಂಥಾಲಯ. 1965ರಲ್ಲಿ ನಮ್ಮ ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಮಾಡಿತು. 2019ರಲ್ಲಿ ಐದು ಸಾವಿರದ ಆರುನೂರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಅಂತ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಶುರುವಾಯಿತು. ಒಳ್ಳೇ ಕೆಲಸ, ಒಳ್ಳೇದು ಅಂತಲೇ ಹೇಳುತ್ತೇವೆ. ಆದರೆ ನಾವು ಕಂಡ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಕಪಾಟಿಗೆ ಬೀಗ. ಮಕ್ಕಳು ಹರಿದುಹಾಕುತ್ತಾರೆ ಸ್ವಾಮಿ ಅಂದರು ಅಲ್ಲಿದ್ದವರು. ಗಾಜಿನ ಆಚೆಗೆ ಹೊಸ ಪುಸ್ತಕಗಳು ಸಾಲಾಗಿ ನಿಂತಿದ್ದವು. ಒಂದರ ಬೆನ್ನೂ ಮಾಸಿರಲಿಲ್ಲ.

ಆ ಹುಡುಗಿಯ ರಟ್ಟಿಲ್ಲದ ಪುಸ್ತಕ ನೆನಪಾಯಿತು. ಅಂಚು ಅಂಚೆಲ್ಲ ಸವೆದು, ಅಡಿಕೆಯ ಚೊಗರು ತಾಗಿ ಕಂದು ಬಣ್ಣಕ್ಕೆ ತಿರುಗಿದೆ. ಓದು ನಡೆದದ್ದಕ್ಕೆ ಬೇರೆ ಪುರಾವೆ ಏನು ಬೇಕು?

ಓದುಗರಲ್ಲಿ ಒಂದು ಬಿನ್ನಹ. ಅವಳಿಗೆ ಕೊಂದವರು ಯಾರು ಅಂತ ತಿಳಿಯಬೇಕಾಗಿದೆ. ಪುಸ್ತಕದ ಹೆಸರಿಲ್ಲ, ಬರೆದವರ ಹೆಸರೂ ಇಲ್ಲ. ಪತ್ತೇದಾರನ ಹೆಸರು ಮಧುಸೂದನ, ಕಥೆ ಶುರುವಾಗುವ ಹೊತ್ತಿಗೆ ಮಳೆ ಬರುತ್ತಿದೆ, ನಲವತ್ತನೇ ಪುಟದ ಆಸುಪಾಸಿನಲ್ಲಿ ಬೀಗ ಹಾಕಿದ ಕೋಣೆಯಲ್ಲಿ ಗಡಿಯಾರ ನಿಂತಿರುತ್ತದೆ. ಹಳೆಯ ಪತ್ತೇದಾರಿ ಕಾದಂಬರಿಗಳು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅಂಚೆ ಖರ್ಚು ನಾವು ಕೊಡುತ್ತೇವೆ. ಕೊನೆಯ ಪುಟ ಇದೆಯಾ ಅಂತ ಒಮ್ಮೆ ನೋಡಿ ಕಳಿಸಿ.